ಸಹಿ ಹಾಕಿದ ಮಾತ್ರಕ್ಕೆ ಹೊಣೆಯೆಲ್ಲ ನಮ್ಮದೇ?

ಪ್ರಶ್ನೆ: ಮಗಳು ಸ್ಕೂಬಾ ಡೈವಿಂಗ್‌ಗಾಗಿ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೊರಟಿದ್ದಾಳೆ. ‘ಏನೇ ಆದರೂ ನಾವೇ ಹೊಣೆ’ ಎಂಬ ಪತ್ರಕ್ಕೆ ಸಹಿ ಕೇಳಿದ್ದಾರೆ. ಅನಾಹುತವಾದರೆ ಕರೆದೊಯ್ದವರಿಗೆ ಜವಾಬ್ದಾರಿಯೇ ಇಲ್ಲವೇ?
– ಒಬ್ಬ ತಾಯಿ, ತುಮಕೂರು

ಉತ್ತರ: ಖಂಡಿತ ಇದೆ. ಸಮುದ್ರದ ಸಹಜ ಅಪಾಯಗಳನ್ನು ನಿಮ್ಮ ಮಗಳು ತಿಳಿದೇ ಒಪ್ಪಿದ್ದಾಳೆ ಎಂಬುದಕ್ಕೆ ಆ ಸಹಿ ಸಾಕ್ಷಿಯಾಗಬಹುದೇ ಹೊರತು, ಹಣ ಪಡೆದು ಸೇವೆ ನೀಡುವವರ ನಿರ್ಲಕ್ಷ್ಯವನ್ನು ಅದು ಅಳಿಸಿಹಾಕುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಿರ್ಲಕ್ಷ್ಯವೂ ಸೇವಾ ನ್ಯೂನತೆಯೇ. ನೀವು ವಾಸಿಸುವ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲೇ 2 ವರ್ಷದೊಳಗೆ ದೂರು ಸಲ್ಲಿಸಬಹುದು.

ಆದರೆ ದೂರಿಗಿಂತ ಹೊರಡುವ ಮುಂಚಿನ ವಿಚಾರಣೆಯೇ ದೊಡ್ಡದೆಂದು ನಾನು ನಂಬುತ್ತೇನೆ. ದೋಣಿಯಲ್ಲಿ ತುರ್ತು ಆಮ್ಲಜನಕ, ವೈರ್‌ಲೆಸ್, ಎಲ್ಲರಿಗೂ ಲೈಫ್ ಜಾಕೆಟ್ ಇವೆಯೇ ಎಂದು ಕೇಳಿ. ನೀರಿಗಿಳಿದವರೆಲ್ಲ ಮರಳಿದರೆಂದು ಹೆಸರು ಕರೆದು ಖಚಿತಪಡಿಸಿಕೊಳ್ಳದೆ ಲಂಗರು ಎತ್ತುವುದಿಲ್ಲ ಎಂಬ ಭರವಸೆಯನ್ನೂ ಪಡೆಯಿರಿ. 1998ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಬಳಿ ಎಣಿಕೆ ತಪ್ಪಿ, ಅಮೆರಿಕದ ದಂಪತಿಯನ್ನು ಕಡಲಿನಲ್ಲೇ ಬಿಟ್ಟು ದೋಣಿ ಮರಳಿತ್ತು, ಅವರು ಮತ್ತೆ ಸಿಗಲೇ ಇಲ್ಲ.

ಮಗಳ ಪಾಲಿನ ಹೊಣೆಯೂ ಇದೆ. ಆಸ್ತಮಾದಂಥ ತೊಂದರೆಯನ್ನು ಆರೋಗ್ಯ ಪತ್ರದಲ್ಲಿ ಮುಚ್ಚಿಡಬಾರದು, ನೀರಿನೊಳಗೆ ಉಸಿರು ಬಿಗಿಹಿಡಿಯಬಾರದು. ಡೈವ್ ಮಾಡಿದ ಕೂಡಲೇ ಗಾಳಿಯ ಒತ್ತಡ ಕಡಿಮೆಯಿರುವ ಎತ್ತರಕ್ಕೆ ಏರಿದರೆ, ದೇಹದಲ್ಲಿ ಕರಗಿರುವ ಸಾರಜನಕ ಗುಳ್ಳೆಗಳಾಗಿ ಅಪಾಯ ತರಬಹುದು. ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿರುವುದರಿಂದ, ಡೈವ್ ಮುಗಿಸಿದ ದಿನವೇ ಘಟ್ಟ ಹತ್ತದೆ ಆ ರಾತ್ರಿ ಕರಾವಳಿಯಲ್ಲೇ ತಂಗುವುದು ಕ್ಷೇಮ.