ಹತ್ತೊಂಬತ್ತರ ಹುಡುಗನಿಗೆ ಶಿಕ್ಷೆ, ಜೂನ್ 1ರ ಜನ್ಮದಿನ

ಪ್ರಶ್ನೆ: ನಮ್ಮ ಅಣ್ಣನ ಮಗನಿಗೆ 19 ವರ್ಷ. ಗೆಳೆಯರ ಜೋಡಿ ಬೈಕ್ ಕಳವು ಮಾಡಿದ ಕೇಸು ನಡೆದಿದೆ. ತಪ್ಪು ಮಾಡಿದ್ದು ಖರೆ. ಮಿದುಳು ಬಲಿಯುವುದು 25ಕ್ಕೆ ಎಂದು ಓದಿದ್ದೇನೆ. ಅದನ್ನು ಕೋರ್ಟಿಗೆ ಹೇಳಿದರೆ ಶಿಕ್ಷೆ ಕಡಿಮೆಯಾದೀತೇ?
– ಓದುಗರೊಬ್ಬರು, ಹುಮನಾಬಾದ್

ಉತ್ತರ: ಅಷ್ಟನ್ನೇ ಹೇಳಿದರೆ ಸಾಲದು. ದುಡುಕನ್ನು ತಡೆದು ಮುಂದಾಲೋಚನೆ ಮಾಡುವ ಭಾಗ ಹಣೆಯ ಹಿಂದಿದೆ. ಅದು ಬಲಿಯುವುದು ಕೊನೆಗೆ, ಇಪ್ಪತ್ತರ ನಡುವಿನ ಹೊತ್ತಿಗೆ. ಹಾಗಾಗಿ ಒಬ್ಬನೇ ಕೂತು ಯೋಚಿಸುವಾಗ ದೊಡ್ಡವರಂತೆ ತಿಳಿವಳಿಕೆ ತೋರುವ ಹುಡುಗ, ಗೆಳೆಯರು ಸುತ್ತ ನಿಂತು ಹುರಿದುಂಬಿಸಿದಾಗ ಜಾರುತ್ತಾನೆ. ಆದರೆ 25 ಎಂಬುದು ಗೀಟು ಎಳೆದ ವಯಸ್ಸಲ್ಲ. ಒಬ್ಬ ಹುಡುಗ ಎಷ್ಟು ಬಲಿತಿದ್ದಾನೆಂದು ಯಾವ ಸ್ಕ್ಯಾನೂ ಹೇಳದು, ಅದಕ್ಕೆ ದುಡ್ಡು ಸುರಿಯಬೇಡಿ.

ಜರ್ಮನಿಯಲ್ಲಿ 18ರಿಂದ 20ರವರಿಗೂ ನ್ಯಾಯಾಧೀಶರು ಕಿರಿಯರ ಕಾನೂನನ್ನೇ ಅನ್ವಯಿಸಬಹುದು. ನಮ್ಮ 2015ರ ಬಾಲ ನ್ಯಾಯ ಕಾಯ್ದೆ 18ಕ್ಕೇ ನಿಲ್ಲುತ್ತದೆ. ನಿಮಗಿರುವ ದಾರಿ 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆಯ 6ನೇ ಕಲಂ. ಜೀವಾವಧಿ ಶಿಕ್ಷೆ ಇಲ್ಲದ ಅಪರಾಧದಲ್ಲಿ 21 ತುಂಬದವರನ್ನು ಜೈಲಿಗೆ ಕಳಿಸಬೇಕಾದರೆ, ಒಳ್ಳೆಯ ನಡತೆಯ ಮುಚ್ಚಳಿಕೆ ಮೇಲೆ ಬಿಡುವುದು ಏಕೆ ತಕ್ಕದ್ದಲ್ಲ ಎಂದು ಕೋರ್ಟು ಕಾರಣ ಬರೆಯಲೇಬೇಕು. ಅದಕ್ಕೂ ಮೊದಲು ಪ್ರೊಬೇಷನ್ ಅಧಿಕಾರಿಯ ವರದಿ ತರಿಸಬೇಕು. ಹುಡುಗನ ನಡತೆ, ದೇಹ ಮತ್ತು ಮನಸ್ಸಿನ ಸ್ಥಿತಿಯನ್ನು ಕೋರ್ಟು ತೂಗುವುದು ಆಗಲೇ. ನೀವು ಓದಿದ ಮಿದುಳಿನ ಮಾತಿಗೆ ಜಾಗ ಇರುವುದೂ ಅಲ್ಲೇ.

ದೋಷಿ ಎಂದು ತೀರ್ಮಾನವಾದ ಕೂಡಲೇ, ಶಿಕ್ಷೆ ಹೇಳುವ ಮೊದಲು, ವಕೀಲರು ಇದನ್ನು ಬರೆದು ಕೇಳಲಿ. ಕಾಲೇಜು ಅಥವಾ ಐಟಿಐ ಹಾಜರಾತಿ, ಕೆಲಸ ಕೊಡಲು ಒಪ್ಪಿದವರ ಪತ್ರ, ಹಿಂದೆ ಕೇಸಿಲ್ಲದ ವಿವರ, ಜಾಮೀನು ನಿಲ್ಲುವವರ ಹೆಸರು ಅಧಿಕಾರಿಯ ಕೈಗೆ ಸಿಗಲಿ. ಮುಚ್ಚಳಿಕೆಯ ಅವಧಿ ಹೆಚ್ಚೆಂದರೆ ಮೂರು ವರ್ಷ. ಹೀಗೆ ಬಿಡುಗಡೆಯಾದವನಿಗೆ ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟದೆಂದು 12ನೇ ಕಲಂ ಹೇಳುತ್ತದೆ.

ಕೈತಪ್ಪುವುದು ಒಂದೇ ಕಡೆ. ಇಲ್ಲಿ 21ನ್ನು ಲೆಕ್ಕ ಹಾಕುವುದು ಕಳವಾದ ದಿನದಿಂದಲ್ಲ, ವಿಚಾರಣಾ ಕೋರ್ಟು ದೋಷಿ ಎಂದ ದಿನದಿಂದ. ಹುಡುಗನಿಗೆ ಈಗಲೇ 19. ದಯವಿಟ್ಟು ತಾರೀಖು ಮುಂದೆ ಹಾಕಿಸಬೇಡಿ.

ಪ್ರಶ್ನೆ: ಮಗ ಹುಟ್ಟಿದ್ದು ದೀಪಾವಳಿ ಮುಂದೆ. ಮಾಸ್ತರರು ಶಾಲೆಯಲ್ಲಿ ಜೂನ್ 1 ಎಂದು ಬರೆದರು. ಜಗಳ ನಡೆದದ್ದು ಆಗಸ್ಟಿನಲ್ಲಿ. ಶಾಲೆಯ ಲೆಕ್ಕಕ್ಕೆ 18 ತುಂಬಿತ್ತು, ಖರೇ ಲೆಕ್ಕಕ್ಕೆ ಇಲ್ಲ. ಯಾವುದು ನಡೆಯುತ್ತದೆ?
– ಓದುಗರೊಬ್ಬರು, ಸೇಡಂ

ಉತ್ತರ: ನಮ್ಮ ಕಡೆ ಜೂನ್ 1ರಂದು ಹುಟ್ಟಿದವರು ಮನೆಮನೆಗೂ ಇದ್ದಾರೆ, ಕೋರ್ಟಿಗೆ ಇದು ಹೊಸದಲ್ಲ. ಬಾಲ ನ್ಯಾಯ ಕಾಯ್ದೆಯ 94ನೇ ಕಲಮಿನ ಪ್ರಕಾರ ಮೊದಲು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅವಿಲ್ಲದಿದ್ದರೆ ಪುರಸಭೆ ಇಲ್ಲವೇ ಪಂಚಾಯಿತಿಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ. ಎಕ್ಸ್-ರೇ ಲೆಕ್ಕ ಎರಡು ವರ್ಷ ಆಚೀಚೆ ಆಗಬಹುದು, ಕೆಲವೇ ತಿಂಗಳ ಅಂತರದ ನಿಮ್ಮ ಪ್ರಕರಣಕ್ಕೆ ಅದು ಉಪಯೋಗವಿಲ್ಲ. ಆಧಾರ್ ಈ ಪಟ್ಟಿಯಲ್ಲಿಲ್ಲ. ಬರೀ ಟಿ.ಸಿ. ಸಾಲದೆಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ.

ಶಾಲೆಯ ದಾಖಲೆಗೆ ಮೊದಲ ಸ್ಥಾನವಿದ್ದರೂ ಅದು ಅಲುಗದ ಕಲ್ಲಲ್ಲ, ಸಾಕ್ಷ್ಯ ಕೊಟ್ಟು ಪ್ರಶ್ನಿಸಬಹುದು. ಹುಟ್ಟಿದ ದಿನಗಳಲ್ಲೇ ನೋಂದಣಿಯಾದ ಪ್ರಮಾಣಪತ್ರ, ಹೆರಿಗೆ ದಾಖಲೆ, ತಾಯಿ ಕಾರ್ಡು ಹುಡುಕಿ. ಕೇಸಾದ ಮೇಲೆ ಮಾಡಿಸಿದ ಪ್ರಮಾಣಪತ್ರವನ್ನು ಸಂಶಯದಿಂದಲೇ ನೋಡುತ್ತಾರೆ. ಗಡಿಯಂಚಿನ ವಯಸ್ಸಿನಲ್ಲಿ ಎರಡು ಅರ್ಥ ಸಾಧ್ಯವಾದರೆ ಮಗುವಿನ ಪರ ವಾಲಬೇಕೆಂಬ ತೀರ್ಪುಗಳಿವೆ. ವಕೀಲರಿಗೆ ದುಡ್ಡಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ, ಉಚಿತ ಕಾನೂನು ನೆರವು ಸಿಗುತ್ತದೆ. ಜಗಳದ ದಿನ 18 ತುಂಬಿರಲಿಲ್ಲ ಎಂಬ ತಕರಾರನ್ನು ಯಾವ ಕೋರ್ಟಿನಲ್ಲಾದರೂ, ಯಾವ ಹಂತದಲ್ಲಾದರೂ, ಅಂತಿಮ ತೀರ್ಪಾದ ಮೇಲೂ ಎತ್ತಬಹುದು.