ನಾಲ್ಕು ಬೆರಳೋ, ಐದು ಬೆರಳೋ?

ಯಲಹಂಕದ ಓದುಗರೊಬ್ಬರ ಪತ್ರ: "ಡಿಸೆಂಬರ್ ಎರಡನೇ ಭಾನುವಾರ ಬೆಳಿಗ್ಗೆ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಕಂದು ಬಣ್ಣದ ಹೆಣ್ಣು ಹ್ಯಾರಿಯರ್ (ಬೇಟೆಹಕ್ಕಿ) ನೋಡಿದೆ. ಬಾಲದ ಬುಡ ಅಚ್ಚ ಬಿಳಿ. ಪುಸ್ತಕ ನೋಡಿ ಹೆನ್ ಹ್ಯಾರಿಯರ್ ಎಂದು, ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ಗೆ ಹಾಕಿದೆ. ಮೂರು ವಾರದ ಮೇಲೆ ಪರಿಶೀಲಕರು ವಿವರ ಕೇಳಿದರು, ಆಮೇಲೆ ಹೆಸರು ಬದಲಿಸಿ ಎಂದರು. ಕಣ್ಣಾರೆ ಕಂಡದ್ದಕ್ಕೆ ಬೆಲೆಯಿಲ್ಲವೇ? ಮೂರು ಚಿತ್ರ ಕಳಿಸಿದ್ದೇನೆ. ಅಪರೂಪದ ಹಕ್ಕಿ ಕಂಡಾಗ ಏನು ಮಾಡಬೇಕು?"

ಸಂಪಾದಕರ ಉತ್ತರ:

ನಿಮ್ಮ ಎರಡನೇ ಚಿತ್ರದಲ್ಲಿ ಹಕ್ಕಿ ಎಡಕ್ಕೆ ವಾಲಿ ತಿರುಗುತ್ತಿದೆ, ಬಲರೆಕ್ಕೆ ಪೂರ್ತಿ ಬಿಚ್ಚಿದೆ. ರೆಕ್ಕೆಯ ತುದಿಯಲ್ಲಿ ಬಿಡಿಬಿಡಿಯಾಗಿ ನಿಂತ ಗರಿಗಳನ್ನು ಎಣಿಸಿ. ಹಕ್ಕಿ ನೋಡುವವರು ಇವನ್ನು 'ಬೆರಳು' ಎನ್ನುತ್ತಾರೆ. ಹೆನ್ ಹ್ಯಾರಿಯರ್‌ಗೆ ಐದು ಬೆರಳು. ಪ್ಯಾಲಿಡ್ ಮತ್ತು ಮಾಂಟೆಗ್ಯೂಸ್ ಹ್ಯಾರಿಯರ್‌ಗಳಿಗೆ ನಾಲ್ಕು. ನಿಮ್ಮ ಹಕ್ಕಿಯಲ್ಲಿ ಕಾಣುವುದು ನಾಲ್ಕೇ. ಪರಿಶೀಲಕರು ಹೇಳಿದ್ದು ಸರಿ.

ಬಿಳಿ ಬುಡ ನಿಮ್ಮನ್ನು ದಾರಿ ತಪ್ಪಿಸಿದೆ, ಇದು ತುಂಬ ಜನ ಎಡವುವ ಜಾಗ. ಕನ್ನಡದಲ್ಲಿ ಸೆಳೆವ ಎಂದು ಕರೆಯುವ ಈ ಹಕ್ಕಿಗಳಲ್ಲಿ ಈ ಮೂರೂ ಜಾತಿಯ ಹೆಣ್ಣು ಮತ್ತು ಎಳೆಯವುಗಳ ಬಾಲದ ಬುಡ ಬಿಳಿಯೇ. ಹೆನ್‌ನಲ್ಲಿ ಆ ಪಟ್ಟಿ ತುಸು ಅಗಲ, ಆದರೆ ನೂರು ಮೀಟರ್ ದೂರದಿಂದ ಆ ಅಂತರ ಕಣ್ಣಿಗೆ ಸಿಕ್ಕುವುದಿಲ್ಲ. ಪ್ಯಾಲಿಡ್ ಮತ್ತು ಮಾಂಟೆಗ್ಯೂಸ್ ಹೆಸರಘಟ್ಟಕ್ಕೆ ಚಳಿಗಾಲದಲ್ಲಿ ಬರುತ್ತಲೇ ಇರುತ್ತವೆ. ಹೆನ್ ಹ್ಯಾರಿಯರ್ ಚಳಿಗಾಲ ಕಳೆಯುವುದು ಮುಖ್ಯವಾಗಿ ಉತ್ತರ ಭಾರತದಲ್ಲಿ. ಬೆಂಗಳೂರಿನ ಸುತ್ತ ಕಂಡರೆ ಅದು ದೊಡ್ಡ ಸುದ್ದಿ. ಆದ್ದರಿಂದ ಆ ಹೆಸರು ಬರೆಯುವ ಮುನ್ನ ಉಳಿದೆರಡು ಅಲ್ಲ ಎಂದು ತೋರಿಸಬೇಕು.

ಹಾಗಾದರೆ ಎರಡರಲ್ಲಿ ಯಾವುದು? ಇಲ್ಲಿ ಮುಖ ನೋಡಬೇಕು. ಹೆಣ್ಣು ಪ್ಯಾಲಿಡ್‌ನ ಕಪ್ಪು ಕೆನ್ನೆಯ ಹಿಂದೆ ಮಾಸಲು ಬಿಳಿಯ ಕೊರಳಪಟ್ಟಿ, ಅದರ ಹಿಂದೆ ಗಾಢ ಕಂದು ಕತ್ತು. ಮಾಂಟೆಗ್ಯೂಸ್‌ಗೆ ಕೊರಳಪಟ್ಟಿ ಇಲ್ಲ. ಕಣ್ಣಿನ ಸುತ್ತ ಬಿಳಿ ಹೆಚ್ಚು, ಕೆನ್ನೆಯ ಕಪ್ಪು ಅರ್ಧಚಂದ್ರದಂತೆ. ರೆಕ್ಕೆಯ ಅಡಿಭಾಗದಲ್ಲೂ ವ್ಯತ್ಯಾಸವಿದೆ. ಮಾಂಟೆಗ್ಯೂಸ್‌ನ ಒಳಗಿನ ಹಾರುಗರಿಗಳು ತಿಳಿಬಣ್ಣ, ಅವುಗಳ ಮೇಲೆ ಕಪ್ಪು ಪಟ್ಟೆಗಳು ಗೆರೆ ಎಳೆದಂತೆ ಮೈವರೆಗೂ ಹೋಗುತ್ತವೆ. ಪ್ಯಾಲಿಡ್‌ನಲ್ಲಿ ಆ ಭಾಗವೇ ಕಪ್ಪಾಗಿ ಕಾಣುತ್ತದೆ, ನಡುವಿನ ತಿಳಿಪಟ್ಟೆ ಮೈಯ ಕಡೆಗೆ ಬಂದಂತೆ ಸಣ್ಣದಾಗಿ ಮಾಸಿಹೋಗುತ್ತದೆ. ಕೊರಳಪಟ್ಟಿಯೊಂದನ್ನೇ ನಂಬಬೇಡಿ, ಮಸುಕಾದ ಪಟ್ಟಿ ಹೆನ್‌ಗೂ ಇರುತ್ತದೆ. ಮೊದಲು ಬೆರಳು, ಆಮೇಲೆ ಕೊರಳು, ಕೊನೆಗೆ ರೆಕ್ಕೆಯ ಅಡಿ: ಈ ಕ್ರಮದಲ್ಲಿ ನೋಡಿದರೆ ತಪ್ಪು ಕಡಿಮೆ.

ನಿಮ್ಮ ಮೂರನೇ ಚಿತ್ರದಲ್ಲಿ ಕೊರಳಪಟ್ಟಿಯ ಸುಳಿವಿದೆ, ಆದರೆ ಫೋಕಸ್ ಹಿಂದಿನ ಹುಲ್ಲಿನ ಮೇಲಿದೆ. ರೆಕ್ಕೆಯ ಅಡಿ ಪೂರ್ತಿ ನೆರಳು. ಪ್ಯಾಲಿಡ್ ಇರಬೇಕು ಎಂದು ನಮಗೂ ಅನಿಸುತ್ತದೆ, ಆದರೂ ಅನಿಸಿಕೆಯನ್ನು ದಾಖಲೆ ಮಾಡಲಾಗದು. ಇ-ಬರ್ಡ್‌ನಲ್ಲಿ 'ಪ್ಯಾಲಿಡ್/ಮಾಂಟೆಗ್ಯೂಸ್' ಎಂಬ ಜೋಡಿ ಹೆಸರು ಇರುವುದೇ ಇಂಥ ಹಕ್ಕಿಗಳಿಗಾಗಿ. ಅದನ್ನೇ ಆರಿಸಿ. ಮುಂದೆ ಇದೇ ಹುಲ್ಲುಗಾವಲಿನ ಸೆಳೆವಗಳನ್ನು ಲೆಕ್ಕ ಹಾಕುವವರಿಗೆ ಅನುಮಾನದ ಮೂರು ಹೆಸರಿಗಿಂತ ಖಚಿತವಾದ ಒಂದು ಜೋಡಿ ಹೆಸರು ಉಪಯೋಗಕ್ಕೆ ಬರುತ್ತದೆ.

ಬೆರಳೆಣಿಕೆಯೂ ಕೆಲವೊಮ್ಮೆ ಮೋಸ ಮಾಡುತ್ತದೆ. ವಯಸ್ಕ ಹಕ್ಕಿ ಗರಿ ಉದುರಿಸಿ ಹೊಸದು ಬೆಳೆಸುತ್ತಿದ್ದರೆ ಒಂದು ಬೆರಳು ಗಿಡ್ಡವಾಗಿ ಐದು ನಾಲ್ಕಾಗಿ ಕಾಣಬಹುದು. ಎರಡೂ ರೆಕ್ಕೆಗಳನ್ನು ಎಣಿಸಿ, ಒಂದೇ ಚಿತ್ರಕ್ಕೆ ತೃಪ್ತರಾಗಬೇಡಿ. ಸೂರ್ಯೋದಯದ ಹೊಂಬಿಸಿಲು ಇನ್ನೊಂದು ತೊಂದರೆ: ಹೆಣ್ಣಿನ ಗೀಟುಗೀಟಾದ ಹೊಟ್ಟೆ ಇಟ್ಟಿಗೆ ಬಣ್ಣಕ್ಕೆ ತಿರುಗಿ, ಗೀಟಿಲ್ಲದ ಕೆಂಗಂದು ಹೊಟ್ಟೆಯ ಎಳೆ ಪ್ಯಾಲಿಡ್‌ನಂತೆ ಕಾಣುತ್ತದೆ.

ಕ್ಯಾಮೆರಾದ ಬಗ್ಗೆ: ಶಟರ್ ವೇಗ ಸೆಕೆಂಡಿನ 1/2000ಕ್ಕಿಂತ ಕೆಳಗೆ ಇಳಿಯದಿರಲಿ, ಫೋಕಸ್ ನಿರಂತರ ಮೋಡ್‌ನಲ್ಲಿರಲಿ, ಒಂದರ ಹಿಂದೊಂದು ಚಿತ್ರ ತೆಗೆಯುವ ಬರ್ಸ್ಟ್ ಹಾಕಿಡಿ. ಹಕ್ಕಿ ಆಕಾಶಕ್ಕೆದುರಾಗಿ ಬಂದಾಗ ಕ್ಯಾಮೆರಾ ಬಿಳಿ ಆಕಾಶವನ್ನು ಅಳೆದು ಹಕ್ಕಿಯನ್ನು ಕಪ್ಪು ಮಾಡುತ್ತದೆ; ಎಕ್ಸ್‌ಪೋಷರ್ +1 ಇಟ್ಟರೆ ರೆಕ್ಕೆಯಡಿಯ ಪಟ್ಟೆ ತೆರೆದುಕೊಳ್ಳುತ್ತದೆ. ಹುಲ್ಲಿನ ಮಟ್ಟಕ್ಕೆ ಇಳಿದಾಗ ಮತ್ತೆ ಸೊನ್ನೆಗೆ ತನ್ನಿ, ಇಲ್ಲವಾದರೆ ಗಂಡು ಹಕ್ಕಿಯ ತಿಳಿಬೂದು ಮೈ ಸುಟ್ಟುಹೋಗಿ ರೆಕ್ಕೆತುದಿಯ ಕಪ್ಪು ಇದ್ದದ್ದಕ್ಕಿಂತ ಸಣ್ಣದಾಗಿ ಕಾಣುತ್ತದೆ. ಗಂಡುಗಳಲ್ಲಿ ಆ ಕಪ್ಪೇ ಗುರುತು: ಪ್ಯಾಲಿಡ್‌ಗೆ ಕಿರಿದಾದ ಬೆಣೆಯಷ್ಟು, ಮಾಂಟೆಗ್ಯೂಸ್‌ಗೆ ತುದಿ ಪೂರ್ತಿ, ಜೊತೆಗೆ ರೆಕ್ಕೆಯ ಮೇಲೊಂದು ಕಪ್ಪು ಅಡ್ಡಗೆರೆ.

ಚಿತ್ರ ಸಿಗದಿದ್ದರೂ ದಾಖಲೆ ನಿಲ್ಲುತ್ತದೆ, ಟಿಪ್ಪಣಿ ಗಟ್ಟಿಯಾಗಿದ್ದರೆ. ಪುಸ್ತಕ ತೆರೆಯುವ ಮುನ್ನ ಬರೆಯಿರಿ. ತೆರೆದ ಮೇಲೆ ಬರೆದರೆ ಪುಸ್ತಕದ ಹಕ್ಕಿ ನಿಮ್ಮ ನೆನಪಿನೊಳಗೆ ಬಂದು ಕೂರುತ್ತದೆ. ಸಮಯ, ನಿಂತ ಜಾಗ, ದೂರ, ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು, ಎಷ್ಟು ಹೊತ್ತು ಕಂಡಿತು, ಪಕ್ಕದಲ್ಲಿ ಹದ್ದೋ ಕಾಗೆಯೋ ಇದ್ದರೆ ಅದರೊಂದಿಗೆ ಗಾತ್ರದ ಹೋಲಿಕೆ. ಕಾಣದ ಭಾಗವನ್ನು 'ಕಾಣಲಿಲ್ಲ' ಎಂದೇ ಬರೆಯಿರಿ. 'ಚೆನ್ನಾಗಿ ನೋಡಿದೆ', 'ಅನುಭವಿಗಳು ಗುರುತಿಸಿದರು' ಎಂಬ ಟಿಪ್ಪಣಿಯಿಂದ ಪರಿಶೀಲಕರಿಗೆ ಏನೂ ಸಿಗುವುದಿಲ್ಲ.

ಅವರ ಮೇಲಿನ ಬೇಸರವನ್ನು ದಯವಿಟ್ಟು ಬಿಡಿ. ಪ್ರತಿ ಪ್ರದೇಶಕ್ಕೂ, ಪ್ರತಿ ತಿಂಗಳಿಗೂ ಯಾವ ಹಕ್ಕಿ, ಎಷ್ಟು ಸಂಖ್ಯೆವರೆಗೆ ಸಹಜ ಎಂಬ ಜರಡಿ ಇ-ಬರ್ಡ್‌ನಲ್ಲಿದೆ. ಅದನ್ನು ಮೀರಿದ್ದೆಲ್ಲ ಸ್ವಯಂಸೇವಕರಾದ ಪರಿಶೀಲಕರ ಮುಂದೆ ಬರುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಸಾವಿರಗಟ್ಟಲೆ ಇಳಿಯುವ ಪಟ್ಟೆತಲೆ ಹೆಬ್ಬಾತಿಗೆ ಅಲ್ಲಿ ಯಾರೂ ಪುರಾವೆ ಕೇಳುವುದಿಲ್ಲ. ಅದೇ ಹಕ್ಕಿ ಬೆಂಗಳೂರಿನ ನಡುವಿನ ಕೆರೆಯಲ್ಲಿ ಕಂಡರೆ ಕೇಳುತ್ತಾರೆ. ಕೇಳಿದ್ದರಲ್ಲಿ ಅನೇಕವು ಪಟ್ಟಿಯಲ್ಲಿ ಪಕ್ಕದ ಹೆಸರನ್ನು ಒತ್ತಿದ್ದು, ಹಳೆಯ ಪಟ್ಟಿಗೆ ತಪ್ಪು ದಿನಾಂಕ ಹಾಕಿದ್ದು ಎಂದು ತಿಳಿದುಬರುತ್ತದೆ. ದೃಢಪಡದ ದಾಖಲೆ ಕೂಡ ನಿಮ್ಮ ಸ್ವಂತ ಪಟ್ಟಿಯಲ್ಲಿ ಉಳಿಯುತ್ತದೆ, ಸಾರ್ವಜನಿಕ ನಕ್ಷೆಗೆ ಮಾತ್ರ ಹೋಗುವುದಿಲ್ಲ.

ನೀವು ಕೇಳದ ಒಂದು ವಿಷಯವನ್ನೂ ಹೇಳಲೇಬೇಕು. ಸೆಳೆವಗಳು ಮರದ ಮೇಲೆ ಮಲಗುವುದು ಅಪರೂಪ. ಸಂಜೆ ಉದ್ದ ಹುಲ್ಲಿನೊಳಗೆ ಇಳಿದು ನೆಲದ ಮೇಲೆ, ಹಲವು ಸಲ ಗುಂಪಾಗಿ, ರಾತ್ರಿ ಕಳೆಯುತ್ತವೆ. ಚಿತ್ರಕ್ಕಾಗಿ ಹುಲ್ಲಿನ ಮೇಲೆ ಕಾರು ಓಡಿಸಿದರೆ ಆ ಮಲಗುವ ತಾಣ ಹಾಳಾಗುತ್ತದೆ, ನೆಲದಲ್ಲೇ ಗೂಡು ಕಟ್ಟುವ ನೆಲಗುಬ್ಬಿಗಳಿಗೂ ಆಪತ್ತು. ಬಹಳ ವರ್ಷಗಳ ಒತ್ತಾಯದ ನಂತರ 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಇಲ್ಲಿನ ಐದು ಸಾವಿರ ಎಕರೆಗೂ ಹೆಚ್ಚು ಜಾಗವನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು. ಇಂಥ ಬಯಲು ನಗರದ ಅಂಚಿನಲ್ಲಿ ಇನ್ನೊಂದು ಉಳಿದಿಲ್ಲ. ಗಾಡಿ ರಸ್ತೆಯಲ್ಲೇ ಇರಲಿ. ಮಲಗುವ ತಾಣ ಗೊತ್ತಾದರೆ ಅದರ ಜಾಗವನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ.

ಸದ್ಯಕ್ಕೆ ಮಾಡಬೇಕಾದದ್ದು: ಪಟ್ಟಿ ತೆರೆದು ಹೆಸರು ಬದಲಿಸಿ, ಮೂರೂ ಚಿತ್ರಗಳನ್ನು ಸೇರಿಸಿ, 'ಬಲರೆಕ್ಕೆಯಲ್ಲಿ ನಾಲ್ಕು ಬೆರಳು, ಕೊರಳು ಅಸ್ಪಷ್ಟ' ಎಂದು ಬರೆಯಿರಿ, ಮೂಲ ಫೈಲ್‌ಗಳನ್ನು ಅಳಿಸಬೇಡಿ. ಈ ಹಕ್ಕಿಗಳು ಮಾರ್ಚ್‌ವರೆಗೂ ಇಲ್ಲಿರುತ್ತವೆ. ಬಿಸಿಲೇರಿ ಮಂಜು ಕರಗಿದ ಮೇಲೆ, ಸೂರ್ಯನಿಗೆ ಬೆನ್ನು ಹಾಕಿ ರಸ್ತೆಯಂಚಿನಲ್ಲಿ ನಿಂತು ಕಾಯಿರಿ. ಒಂದೇ ದಾರಿಯಲ್ಲಿ ಹುಲ್ಲನ್ನು ಸೋಸುತ್ತ ಮತ್ತೆ ಮತ್ತೆ ಬರುವ ಅಭ್ಯಾಸ ಅವಕ್ಕಿದೆ. ಕೊರಳು ಕಾಣುವ ಚಿತ್ರ ಸಿಕ್ಕರೆ ನಮಗೂ ಕಳಿಸಿ.