ಎಂಟು ಪತ್ರ, ಒಂದೂ ಉತ್ತರವಿಲ್ಲ

ಪ್ರಶ್ನೆ: ವಿಯೆಟ್ನಾಂ ನಾಯಕ ಹೋ ಚಿ ಮಿನ್ ಅಮೆರಿಕದ ಅಧ್ಯಕ್ಷ ಟ್ರೂಮನ್‌ಗೆ ಬರೆದ ಪತ್ರಗಳಿಗೆ ಉತ್ತರವೇ ಬರಲಿಲ್ಲ ಎಂದು ಕಳೆದ ಸಂಚಿಕೆಯಲ್ಲಿ ಮರುಗಿದ್ದೀರಿ. ಆತ ಪಕ್ಕಾ ಕಮ್ಯುನಿಸ್ಟ್. ಉತ್ತರ ಬರೆದಿದ್ದರೆ ವಿಯೆಟ್ನಾಂ ಯುದ್ಧ ನಿಲ್ಲುತ್ತಿತ್ತೇ? ಪತ್ರದಿಂದ ಏನಾಗುತ್ತದೆ?
- ಓದುಗರೊಬ್ಬರು, ಸಾಗರ

ಉತ್ತರ: ನಿಮ್ಮ ಇನ್‌ಲ್ಯಾಂಡ್ ಲೆಟರ್ ಕೈಸೇರಿತು. ಅಂಚಿನ ತನಕ ಬರೆದು, ಕೊನೆಯ ಎರಡು ಸಾಲನ್ನು ಮಡಿಸುವ ಪಟ್ಟಿಯ ಮೇಲೆ ತುರುಕಿದ್ದೀರಿ. ಅಂಟು ಬಿಡಿಸುವಾಗ ಒಂದು ಪದ ಹರಿದೇ ಹೋಯಿತು. ಪತ್ರದಿಂದ ಏನೂ ಆಗುವುದಿಲ್ಲ ಎಂದು ವಾದಿಸಲು ಇಷ್ಟುದ್ದ ಪತ್ರವೇ, ಮಹರಾಯರೇ?

ಹೋ ಕಮ್ಯುನಿಸ್ಟ್, ನಿಜ. ಮಾಸ್ಕೋದಲ್ಲಿ ಪಳಗಿದವರು. ವಿಯೆಟ್ನಾಂ ಫ್ರಾನ್ಸಿನ ವಸಾಹತು, ಅಮೆರಿಕಕ್ಕೂ ಯುರೋಪಿನಲ್ಲಿ ಆ ಫ್ರಾನ್ಸಿನ ಸ್ನೇಹ ಬೇಕಿತ್ತು. ಒಪ್ಪಿದೆ.

ಆದರೆ 1945ರ ಸೆಪ್ಟೆಂಬರ್ 2ರಂದು ಹನೋಯಿಯ ಬಾ ದಿನ್ ಮೈದಾನದಲ್ಲಿ ಅದೇ ಕಮ್ಯುನಿಸ್ಟ್ ಸ್ವಾತಂತ್ರ್ಯ ಘೋಷಿಸಿದ್ದು ಯಾವ ಮಾತಿನಿಂದ ಗೊತ್ತೇ? 'ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆ'. ಅಮೆರಿಕದವರೇ 1776ರಲ್ಲಿ ತಮ್ಮ ಸ್ವಾತಂತ್ರ್ಯ ಘೋಷಣೆಯಲ್ಲಿ ಬರೆದುಕೊಂಡ ಮಾತು! ಅದಕ್ಕೂ ಮೊದಲೇ ಅಮೆರಿಕದ ಬೇಹು ಅಧಿಕಾರಿ ಆರ್ಕಿಮಿಡೀಸ್ ಪ್ಯಾಟಿಯನ್ನು ಕರೆಸಿ ಕರಡು ಕೇಳಿಸಿದ್ದರು. ಆಮೇಲೆ ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಟ್ರೂಮನ್‌ಗೂ ಅವರ ವಿದೇಶಾಂಗ ಸಚಿವರಿಗೂ ಕನಿಷ್ಠ ಎಂಟು ಪತ್ರ, ತಂತಿ. 1946ರ ಫೆಬ್ರವರಿ 16ರ ಪತ್ರದಲ್ಲಿ ಕೇಳಿದ್ದಿಷ್ಟೇ: ಫಿಲಿಪ್ಪೀನ್ಸಿಗೆ ಕೊಡುತ್ತಿರುವ ಸ್ವಾತಂತ್ರ್ಯವನ್ನೇ ನಮಗೂ ಕೊಡಿ. ಇವುಗಳಿಗೆ ಉತ್ತರ ಹೋದ ದಾಖಲೆ ಇಲ್ಲ. ಇದು ನನ್ನ ಮಾತಲ್ಲ, 1971ರಲ್ಲಿ ಬಯಲಾದ ಅಮೆರಿಕದ್ದೇ ಗುಟ್ಟಿನ ಕಡತದ ಮಾತು.

ಹೋ ಅಮೆರಿಕಕ್ಕೆ ಮೊರೆಯಿಟ್ಟದ್ದು ಇದು ಮೊದಲ ಸಲವೂ ಅಲ್ಲ. 1919ರಲ್ಲಿ ಪ್ಯಾರಿಸ್ಸಿನ ಶಾಂತಿ ಸಮ್ಮೇಳನಕ್ಕೆ ಅಧ್ಯಕ್ಷ ವಿಲ್ಸನ್ ಬಂದಾಗಲೂ ಎಂಟು ಬೇಡಿಕೆಯ ಮನವಿ ಕೊಟ್ಟಿದ್ದರು. ಅದರಲ್ಲಿ ಸ್ವಾತಂತ್ರ್ಯವನ್ನೂ ಕೇಳಿರಲಿಲ್ಲ ಪಾಪ, ಪತ್ರಿಕಾ ಸ್ವಾತಂತ್ರ್ಯ, ಕೈದಿಗಳ ಬಿಡುಗಡೆ, ಇಂಥವು.

ಈಗ ಇನ್ನೊಂದು ಕಡೆ ನೋಡಿ. 1967ರ ಫೆಬ್ರವರಿ 8ರಂದು ಅಧ್ಯಕ್ಷ ಜಾನ್ಸನ್ ಪತ್ರ ಬರೆದರು. ಹೋ ಉತ್ತರಿಸಿದ್ದು 15ರಂದು. ತಲೆ ಮೇಲೆ ಬಾಂಬು ಬೀಳುತ್ತಿರುವಾಗ! 1969ರ ಜುಲೈನಲ್ಲಿ ನಿಕ್ಸನ್ ಬರೆದರು. ಆಗಸ್ಟ್ 25ಕ್ಕೆ ಉತ್ತರ. ಸೆಪ್ಟೆಂಬರ್ 2ಕ್ಕೆ ಮುದುಕ ತೀರಿಕೊಂಡರು. ಉತ್ತರಗಳು ಖಾರವಾಗಿದ್ದವು, ಸರಿ. ಆದರೆ ಬಂದವು ಅಲ್ವಾ?

ಟ್ರೂಮನ್ ಬರೆದಿದ್ದರೆ ಯುದ್ಧ ತಪ್ಪುತ್ತಿತ್ತು ಎಂದು ನಾನು ವಾದಿಸುವುದಿಲ್ಲ. 'ಆಗುವುದಿಲ್ಲ' ಎಂದಾದರೂ ಬರೆಯಬಹುದಿತ್ತು. ಸುಮ್ನೆ ಕೂತಿದ್ದಕ್ಕೆ ನನ್ನ ಸಿಟ್ಟು. ಈ ರೋಗ ನಮ್ಮಲ್ಲೇನು ಕಡಿಮೆಯೇ? ನಮ್ಮ ಬೀದಿಯ ಚರಂಡಿ ಬಗ್ಗೆ ಒಂದು ಕಚೇರಿಗೆ ಮೂರು ಪತ್ರ ಬರೆದೆ. ನಾಲ್ಕನೆಯದನ್ನು ನಾನೇ ಒಯ್ದು ಕೊಟ್ಟೆ. ಗುಮಾಸ್ತರು ಧಡ್ ಅಂತ ಸೀಲು ಒತ್ತಿ, 'ಇದನ್ನೇ ಉತ್ತರ ಅಂದ್ಕೊಳ್ಳಿ ಸಾರ್' ಅಂದರು. ಈಗಿನ ಹುಡುಗರಂತೂ ವಾಟ್ಸಾಪಿನಲ್ಲಿ ನೀಲಿ ಗೀಟು ಬಿದ್ದರೆ ಮುಗಿಯಿತು ಅಂದುಕೊಂಡಿದ್ದಾರೆ.

ಅಂದಹಾಗೆ, ಹರಿದುಹೋದ ಪದ ನಿಮ್ಮ ಹೆಸರಿನ ಮೇಲಿನ ಸಾಲಿನದು. 'ನೀವೊಬ್ಬ' ಅಂತಿದೆ, ಮುಂದಿನದು ಅಂಟಿನ ಜೊತೆ ಹೋಗಿದೆ. ಒಂದು ಕಾರ್ಡು ಹಾಕಿ.